ಅಚ್ಚು ಮತ್ತು ಬೆಲೆ

ಗಣಕಯಂತ್ರದಲ್ಲಿ ಬಾಡಿಗೆಯ ಕರಾರು, ರಜೆಯ ಅರ್ಜಿ, ಲಗ್ನಪತ್ರಿಕೆ ಮೊದಲಾದುವನ್ನು ಸಿದ್ಧಪಡಿಸುವ ಗೃಹಸ್ಥರು ಹಳೆಯ ಪತ್ರವನ್ನೇ ತೆರೆದು, ಹೆಸರು ತಾರೀಖುಗಳನ್ನು ತಿದ್ದಿಕೊಳ್ಳುವುದುಂಟು. ಒಂದೆಡೆ ತಿದ್ದಿದ ಹೆಸರು ಇನ್ನೊಂದೆಡೆ ಹಾಗೆಯೇ ಉಳಿದರೆ, ಹೊಸ ಕರಾರಿನಲ್ಲಿ ಹಿಂದಿನ ಬಾಡಿಗೆದಾರನೇ ನೆಲೆಸಿರುವನು! ಅದೇ ಹೆಸರಿನಲ್ಲಿ ಉಳಿಸಿದರಂತೂ ಹಳೆಯ ಪತ್ರವೂ ಕೈಬಿಟ್ಟಂತೆಯೇ.

ಇದಕ್ಕೆ ಪರಿಹಾರವು ಟೆಂಪ್ಲೇಟ್, ಎಂದರೆ ನಮೂನೆ. ಬೆಲ್ಲದ ಅಚ್ಚು ಒಂದೇ. ಅದರಿಂದ ತೆಗೆಯುವ ಬೆಲ್ಲ ಹಲವು. ‘ವರ್ಡ್’ನಲ್ಲಿ 2007ರಿಂದ ನಮೂನೆಗಳು ‘ಡಿಓಟಿಎಕ್ಸ್’ ಎಂಬ ಅಂಕಿತವುಳ್ಳವು. ಎರಡು ಬಾರಿ ಒತ್ತಿ ತೆರೆದರೆ ಹೊಸ ಪ್ರತಿಯೊಂದು ಹುಟ್ಟುವುದು, ಮೂಲವು ಅಕ್ಷತವಾಗಿರುವುದು.

ನಮೂನೆಗಳು ಹೆಚ್ಚಿದಾಗ ಅವನ್ನು ವಿಂಗಡಿಸಿಕೊಡುವ ಚಿಕ್ಕ ಸಾಧನಗಳು ‘ಷೇರ್‌ವೇರ್’ ಕ್ರಮದಲ್ಲಿ ದೊರೆಯುವುವು. ಮೊದಲು ಬಳಸಿ ನೋಡಿ, ಉಪಯುಕ್ತವೆನಿಸಿದರೆ ಬೆಲೆ ತೆರುವುದೇ ಈ ಕ್ರಮ. ಅಮೆರಿಕದ ಬಾಬ್ ವಾಲೆಸ್ ಎಂಬವರು 1983ರಲ್ಲಿ ‘ಪಿಸಿ-ರೈಟ್’ ಎಂಬ ಬರೆವಣಿಗೆಯ ಸಾಧನವನ್ನು ಹೀಗೆಯೇ ಹಂಚಿದರು. ಮಿತ್ರರಿಗೂ ನಕಲು ಕೊಡಿರೆಂದರು. ಕಾವಲುಗಾರನಿಲ್ಲದ ಈ ಅಂಗಡಿಯಲ್ಲಿ ಕೊಳ್ಳುವವನ ಮನಸ್ಸಾಕ್ಷಿಯೇ ತಕ್ಕಡಿ.

ಆದುದರಿಂದ ವಾಚಕರಲ್ಲಿ ನಾವು ಅರಿಕೆಮಾಡುವುದಿಷ್ಟೆ. ಸಾಧನವನ್ನು ಅದರ ಕರ್ತೃವಿನಿಂದಲೇ ಪಡೆಯತಕ್ಕದ್ದು. ಪರೀಕ್ಷೆಯ ಅವಧಿ ಮುಗಿದೊಡನೆ ಬೆಲೆ ತೆರಬೇಕು, ಇಲ್ಲವೇ ತೆಗೆದುಹಾಕಬೇಕು. ಒಬ್ಬಿಬ್ಬರ ದುಡಿಮೆಯಿಂದ ನಡೆಯುವ ಸಾಧನವು ಅವರು ಕೈಬಿಟ್ಟ ದಿನವೇ ನಿಂತುಹೋಗಬಹುದು. ಆದಕಾರಣ ನಮೂನೆಗಳ ಪ್ರತಿಯನ್ನು ಬೇರೊಂದೆಡೆಯಲ್ಲಿಯೂ ಇಟ್ಟುಕೊಳ್ಳತಕ್ಕದ್ದು. ಸಾಧನ ಹೋದರೆ ಬೇರೊಂದು ದೊರೆತೀತು. ವರ್ಷಗಟ್ಟಲೆ ತಿದ್ದಿ ತೀಡಿದ ಅಚ್ಚು ಹೋದರೆ ಪುನಃ ಮೊದಲಿನಿಂದಲೇ ಕೆತ್ತಬೇಕಾದೀತು.