ಮುಂದಿನ ಕಿಯೋದಲ್ಲಿ ಏನಿರಬೇಕು? ವಾಡಿಯ ಆನ್‌ಲೈನ್ ಸೆಂಟರ್ ಕೇಳುತ್ತಿರುವ ಪ್ರಶ್ನೆ

"ಸರ್, ಈ ಕಿಯೋ ತಗೊಳ್ಳೋದು ಛಲೋನಾ, ಇಲ್ಲಾ ಮುಂದಿನ ಮಾಡೆಲ್ ಬರೋತನಕ ತಡೀಬೇಕೇನ್ರಿ?"

ವಾಡಿ ಸ್ಟೇಷನ್ ಹತ್ತಿರ ಆನ್‌ಲೈನ್ ಸೆಂಟರ್ ನಡೆಸುವವರೊಬ್ಬರು ನನಗೆ ಕೇಳಿದ ಪ್ರಶ್ನೆ ಇದು. ಅವರ ಹತ್ತಿರ ಎರಡು ಹಳೆಯ ಡೆಸ್ಕ್‌ಟಾಪ್‌ಗಳಿವೆ. ಎರಡರಲ್ಲೂ ವಿಂಡೋಸ್ 10. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಅದರ ಉಚಿತ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಹೊಸ ತಲೆಮಾರಿನ ಪ್ರೊಸೆಸರ್ ಕೇಳುತ್ತದೆ. ಇವರ ಯಂತ್ರದಲ್ಲಿ ಎರಡೂ ಇಲ್ಲ. ಹಾಗಾಗಿ ಪೇಪರಲ್ಲಿ ಕಿಯೋ ಸುದ್ದಿ ಓದಿದ ದಿನದಿಂದ ಅವರಿಗೆ ಒಂದೇ ಲೆಕ್ಕ.

ನಾನು ಅಲ್ಲೇ ಉತ್ತರ ಹೇಳಲಿಲ್ಲ. ಎಂಜಿನಿಯರಿಂಗ್ ಓದಿದವನು ಎಂಬ ಕಾರಣಕ್ಕೆ ಜನ ನನ್ನ ಮಾತು ನಂಬಿ ದುಡ್ಡು ಹಾಕುತ್ತಾರೆ ಅನ್ನುವ ಭಯ. ಈ ಲೇಖನ ಅವರಿಗೆ ಕೊಡಬೇಕಿದ್ದ ಉತ್ತರ.

ಕಿಯೋ ಅಂದರೆ ಏನು?

ಗೊತ್ತಿಲ್ಲದವರಿಗೆ ಚುಟುಕಾಗಿ: ಕಿಯೋ ನಮ್ಮ ರಾಜ್ಯ ಸರ್ಕಾರದ ಕಂಪನಿ ಕಿಯೋನಿಕ್ಸ್ ಮತ್ತು ಐಟಿ-ಬಿಟಿ ಇಲಾಖೆ ಸೇರಿ ತಂದ ಕಂಪ್ಯೂಟರ್. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮಿಟ್‌ನಲ್ಲಿ ಬಿಡುಗಡೆಯಾಯಿತು. ಬೆಲೆ 18,999 ರೂಪಾಯಿ ಎಂದು ಹೇಳಲಾಯಿತು. ಇದು ಲ್ಯಾಪ್‌ಟಾಪ್ ಅಲ್ಲ. ಮಾನಿಟರ್, ಕೀಬೋರ್ಡ್ ಜೋಡಿಸಿಕೊಂಡು ಬಳಸುವ ಪುಟ್ಟ ಡಬ್ಬಿ. ಒಳಗೆ ಇಂಟೆಲ್ ಇಲ್ಲ, ಎಎಂಡಿ ಇಲ್ಲ. ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಪ್ರೊಸೆಸರ್ ಇದೆ. ಮೇಲೆ ಲಿನಕ್ಸ್. 4ಜಿ, ವೈಫೈ, ಎಚ್‌ಡಿಎಂಐ, ಯುಎಸ್‌ಬಿ ಇವೆ. ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುವ ಎಐ ಘಟಕವಿದೆ. ಡಿಎಸ್‌ಇಆರ್‌ಟಿ ಪಠ್ಯಕ್ರಮದ ಮೇಲೆ ತರಬೇತಿಗೊಂಡ 'ಬುದ್ಧ್' ಎಂಬ ಎಐ ಸಹಾಯಕನೂ ಜೊತೆಗೇ ಬರುತ್ತಾನೆ.

ಇದಕ್ಕೂ ನಮ್ಮ ಭಾಗಕ್ಕೂ ನೇರ ನಂಟಿದೆ. ಕಿಯೋದ ಬೆನ್ನಿಗೆ ನಿಂತ ಐಟಿ-ಬಿಟಿ ಸಚಿವ ಪ್ರಿಯಾಂಕ್ ಖರ್ಗೆ ಚಿತ್ತಾಪುರದ ಶಾಸಕರು. ವಾಡಿ ಇರುವುದು ಅದೇ ತಾಲ್ಲೂಕಿನಲ್ಲಿ. ಅಂದರೆ ವಾಡಿಯ ಅಂಗಡಿಯವರ ಪ್ರಶ್ನೆ ತಮ್ಮದೇ ಶಾಸಕರಿಗೆ ಕೇಳಿದ ಪ್ರಶ್ನೆಯೂ ಹೌದು.

ಟೆಕ್ ವಲಯದಲ್ಲಿ ಮುಂದಿನ ಮಾಡೆಲ್ ಬಗ್ಗೆ ಊಹೆ ಮಾಡುವುದು ಒಂದು ಆಟ. ಆಪಲ್ ಮುಂದಿನ ಮ್ಯಾಕ್‌ನಲ್ಲಿ ಯಾವ ಚಿಪ್ ಹಾಕುತ್ತದೆ, ವಿಂಡೋಸ್‌ನ ಮುಂದಿನ ಆವೃತ್ತಿಯಲ್ಲಿ ಎಐ ಎಷ್ಟು ಇರುತ್ತದೆ ಎಂದು ಜನ ವರ್ಷವಿಡೀ ಬರೆಯುತ್ತಾರೆ. ನಮ್ಮದೇ ಸರ್ಕಾರಿ ಕಂಪನಿಯ ಕಂಪ್ಯೂಟರ್ ಬಗ್ಗೆಯೂ ಆ ಆಟ ಆಡೋಣ. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಲ್ಲಿ ನಿಂತು ಆಡೋಣ.

ಚಿಪ್: ಬದಲಾಗಲೇಬೇಕು

ಮುಂದಿನ ಕಿಯೋದಲ್ಲಿ ಪ್ರೊಸೆಸರ್ ಬದಲಾಗುತ್ತದೆ ಎಂಬುದು ನನ್ನ ಮೊದಲ ಊಹೆ. ಕಾರಣ ಇಷ್ಟೇ. ರಿಸ್ಕ್-ಫೈವ್ ಒಂದು ಭಾಷೆ ಇದ್ದಂತೆ. ಅದರಲ್ಲಿ ಯಾವ್ಯಾವ ಪದ ಕಡ್ಡಾಯ ಎಂಬ ಪಟ್ಟಿ ಕಾಲಕಾಲಕ್ಕೆ ಹಿಗ್ಗುತ್ತಿದೆ. ಹೊಸ ಪಟ್ಟಿಯ ಹೆಸರು ಆರ್‌ವಿಎ23. 2025ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 25.10, ಆರ್‌ವಿಎ23 ಇಲ್ಲದ ರಿಸ್ಕ್-ಫೈವ್ ಯಂತ್ರಗಳನ್ನು ಕೈಬಿಟ್ಟಿತು. ಆ ಹೊತ್ತಿಗೆ ಮಾರುಕಟ್ಟೆಯಲ್ಲಿದ್ದ ಬಹುತೇಕ ಬೋರ್ಡ್‌ಗಳು ಅದರಿಂದ ಹೊರಗುಳಿದವು. ಡೆಬಿಯನ್ 13 ಮಾತ್ರ 2025ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ರಿಸ್ಕ್-ಫೈವ್‌ಗೆ ಅಧಿಕೃತ ಬೆಂಬಲ ಕೊಟ್ಟಿತು, ಹಳೆಯ ಚಿಪ್‌ಗಳನ್ನೂ ಜೊತೆಗಿಟ್ಟುಕೊಂಡಿತು.

ಅಂಗಡಿಯವರ ಭಾಷೆಯಲ್ಲಿ ಹೇಳುವುದಾದರೆ, ವಿಂಡೋಸ್ 11 ಅವರ ಹಳೆಯ ಡೆಸ್ಕ್‌ಟಾಪ್‌ಗೆ ಮಾಡಿದ್ದನ್ನೇ ಲಿನಕ್ಸ್ ಲೋಕ ಇಂದಿನ ರಿಸ್ಕ್-ಫೈವ್ ಯಂತ್ರಕ್ಕೂ ಮಾಡಬಹುದು. ಆದ್ದರಿಂದ ಕಿಯೋನಿಕ್ಸ್ ಹೊಸ ಚಿಪ್ ಹಾಕಿದರೆ ಸಾಲದು. "ಈ ಯಂತ್ರಕ್ಕೆ ಇಷ್ಟು ವರ್ಷ ಅಪ್‌ಡೇಟ್ ಕೊಡ್ತೀವಿ" ಎಂದು ಬರವಣಿಗೆಯಲ್ಲಿ ಕೊಡಬೇಕು. ಆ ಒಂದು ಸಾಲು ಪ್ರೊಸೆಸರ್ ವೇಗಕ್ಕಿಂತ ಹೆಚ್ಚು ಬೆಲೆಬಾಳುತ್ತದೆ.

ಬೆಲೆ: ಇಳಿಯುವುದು ಕಷ್ಟ

ಮುಂದಿನ ಮಾಡೆಲ್ ಅಗ್ಗವಾಗುತ್ತದೆ ಎಂದು ಕಾಯುವವರಿಗೆ ನನ್ನ ಬಳಿ ಒಳ್ಳೆಯ ಸುದ್ದಿ ಇಲ್ಲ. ಎಐ ಡೇಟಾ ಸೆಂಟರ್‌ಗಳು ಜಗತ್ತಿನ ಮೆಮೊರಿ ಚಿಪ್‌ಗಳನ್ನು ನುಂಗುತ್ತಿವೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿತು. ಅಮೆರಿಕದ ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ 'ಕ್ರೂಶಿಯಲ್' ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರ್‌ನಲ್ಲಿ ಘೋಷಿಸಿತು. ಹೀಗಿರುವಾಗ ಬೆಲೆ 18,999ರ ಆಸುಪಾಸಿನಲ್ಲೇ ಉಳಿಯಬೇಕಾದರೆ ಮೂರೇ ದಾರಿ: ರ‍್ಯಾಮ್ ಹೆಚ್ಚಿಸದೆ ಬಿಡುವುದು, ಲಾಭ ಬಿಡುವುದು, ಇಲ್ಲವೇ ಸರ್ಕಾರ ಸಹಾಯಧನ ಕೊಡುವುದು.

ಇನ್ನೊಂದು ಲೆಕ್ಕ. ಮಾನಿಟರ್, ಕೀಬೋರ್ಡ್, ಮೌಸ್, ಚಿಕ್ಕ ಯುಪಿಎಸ್ ಸೇರಿಸಿದರೆ ಖರ್ಚು 18,999ಕ್ಕೆ ನಿಲ್ಲುವುದಿಲ್ಲ. ಅಂಗಡಿಯವರಿಗೆ ಹಳೆಯ ಮಾನಿಟರ್ ಇದೆ, ನಡೆಯುತ್ತದೆ. ತಾಂಡಾದ ಮನೆಯೊಂದು ಮಗಳ ಓದಿಗೆಂದು ಇದನ್ನು ಕೊಂಡರೆ ಎಲ್ಲವನ್ನೂ ಹೊಸದಾಗಿ ಜೋಡಿಸಬೇಕು. ಟಿವಿಗೆ ಹಚ್ಚಬಹುದು ಅನ್ನಿ. ಆದರೆ ಇರುವ ಒಂದು ಟಿವಿಯ ಮುಂದೆ ಪರೀಕ್ಷೆಗೆ ಓದುವ ಹುಡುಗಿಗೆ ಸಂಜೆ ಎಷ್ಟು ಹೊತ್ತು ಸಿಕ್ಕೀತು?

ಬುದ್ಧ್‌ಗೆ ನಮ್ಮ ಹುಡುಗರ ಭಾಷೆ ಬರುತ್ತದೆಯೇ?

ಸಾಫ್ಟ್‌ವೇರ್ ಬಗ್ಗೆ ನನ್ನ ದೊಡ್ಡ ಕುತೂಹಲ ಬುದ್ಧ್ ಮೇಲಿದೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ, ಶೇ 42.43. ಮೊದಲ ಸ್ಥಾನದ ದಕ್ಷಿಣ ಕನ್ನಡ ಶೇ 91.12. ಈ ಅಂತರವನ್ನು ಒಂದು ಡಬ್ಬಿ ಮುಚ್ಚುತ್ತದೆ ಎಂದು ನಾನು ನಂಬುವುದಿಲ್ಲ. ಆದರೆ ಗಣಿತದ ಮೇಷ್ಟ್ರು ಇಲ್ಲದ ಶಾಲೆಯಲ್ಲಿ, ರಾತ್ರಿ ಎಂಟಕ್ಕೆ ಒಂದು ಲೆಕ್ಕ ಅರ್ಥವಾಗದೆ ಕೂತ ಹುಡುಗನಿಗೆ ಕೇಳಲು ಒಂದು ಜಾಗವಾದರೂ ಸಿಗಬಹುದು. ಅಷ್ಟಾದರೂ ದೊಡ್ಡದೇ.

ಇಲ್ಲಿ ಒಂದು ತಾಂತ್ರಿಕ ಅಡ್ಡಿ ಇದೆ. ಎಐ ಮಾಡೆಲ್‌ಗಳು ಪದಗಳನ್ನು ತುಂಡು ಮಾಡಿ ಓದುತ್ತವೆ. ಇಂಗ್ಲಿಷ್ ಪದ ಒಂದೆರಡು ತುಂಡಾದರೆ, ಅದೇ ಅರ್ಥದ ಕನ್ನಡ ಪದ ಬಹುತೇಕ ಮಾಡೆಲ್‌ಗಳಲ್ಲಿ ಅದಕ್ಕಿಂತ ಹೆಚ್ಚು ತುಂಡಾಗುತ್ತದೆ. ಹಾಗಾಗಿ ಚಿಕ್ಕ ಚಿಪ್ ಮೇಲೆ ಕನ್ನಡದ ಉತ್ತರ ಇಂಗ್ಲಿಷ್‌ಗಿಂತ ನಿಧಾನ. ಯಂತ್ರದೊಳಗೇ ನಡೆಯಬೇಕಾದರೆ ಮಾಡೆಲ್ ಚಿಕ್ಕದಿರಬೇಕು, ಚಿಕ್ಕದಾದಷ್ಟೂ ತಪ್ಪು ಹೆಚ್ಚು. ಮುನ್ನೂರು ಕೋಟಿ ಪ್ಯಾರಾಮೀಟರ್‌ನ ಮಾಡೆಲ್ಲನ್ನು ಸಾಮಾನ್ಯ ರೀತಿಯಲ್ಲಿ ಕುಗ್ಗಿಸಿದರೂ ಹೆಚ್ಚುಕಡಿಮೆ 2 ಜಿಬಿ ರ‍್ಯಾಮ್ ಬೇಕು. ಮೇಲೆ ಹೇಳಿದ ರ‍್ಯಾಮ್ ಬೆಲೆಯ ಕಥೆ ಇಲ್ಲಿಗೆ ಬಂದು ಮುಟ್ಟುತ್ತದೆ.

ಇನ್ನು ಭಾಷೆ. ಚಿಂಚೋಳಿಯ ತಾಂಡಾಗಳಲ್ಲಿ ಮಕ್ಕಳ ಮನೆಮಾತು ಲಂಬಾಣಿ. ಶಹಾಬಾದ್, ವಾಡಿಯಲ್ಲಿ ಉರ್ದು ಮಾತಾಡುವ ಮನೆಗಳು ಬಹಳ. ಸೇಡಂನ ಗಡಿ ಹಳ್ಳಿಗಳಲ್ಲಿ ತೆಲುಗು. ಕನ್ನಡ ಮಾತಾಡುವವರೂ "ಹ್ಯಾಂಗ ಮಾಡಬೇಕ್ರಿ, ತಿಳೀವಲ್ದು" ಅನ್ನುತ್ತಾರೆ. ಪಠ್ಯಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳುವುದಿಲ್ಲ. ಬುದ್ಧ್ ಧ್ವನಿಯಲ್ಲಿ ಪ್ರಶ್ನೆ ತೆಗೆದುಕೊಳ್ಳಬೇಕು, "ತಿಳೀವಲ್ದು" ಅಂದರೆ ಅದಕ್ಕೆ ತಿಳಿಯಬೇಕು. ಮುಂದಿನ ಆವೃತ್ತಿಯಲ್ಲಿ ನಾನು ಹುಡುಕುವ ಫೀಚರ್ ಇದೊಂದೇ. ಉತ್ತರ ತಪ್ಪಿದ್ದರೆ ಮೇಷ್ಟ್ರು ತಿದ್ದಿ ಕಳಿಸುವ ವ್ಯವಸ್ಥೆಯೂ ಇರಬೇಕು, ಇಲ್ಲದಿದ್ದರೆ ಹುಡುಗರು ತಪ್ಪನ್ನೇ ಬಾಯಿಪಾಠ ಮಾಡುತ್ತಾರೆ.

ಯಾರೂ ಕೇಳದ ಫೀಚರ್‌ಗಳು

ವಾಡಿಯ ಅಂಗಡಿಯಲ್ಲಿ ನಾನು ಅರ್ಧ ಗಂಟೆ ಕೂತಿದ್ದೆ. ಅಷ್ಟರಲ್ಲಿ ಏನೇನು ನಡೆಯಿತು ಎಂದು ಬರೆದುಕೊಂಡೆ. ಪಹಣಿ ಪ್ರಿಂಟ್. ಬೆರಳಚ್ಚು ಕೊಟ್ಟು ಮಾಡುವ ಕೆಲಸ ಎರಡು. ಸ್ಕಾಲರ್‌ಶಿಪ್ ಅರ್ಜಿಗೆ ದಾಖಲೆ ಸ್ಕ್ಯಾನ್. ನುಡಿಯಲ್ಲಿ ಟೈಪ್ ಮಾಡಿದ ಒಂದು ಅರ್ಜಿ ತಿದ್ದುಪಡಿ. ಒಂದರಲ್ಲೂ ಎಐ ಇಲ್ಲ. ಎಲ್ಲದರಲ್ಲೂ ಡ್ರೈವರ್ ಇದೆ, ಡ್ರೈವರ್ ಅಂದರೆ ಪ್ರಿಂಟರ್, ಸ್ಕ್ಯಾನರ್‌ಗಳನ್ನು ಕಂಪ್ಯೂಟರ್‌ಗೆ ಪರಿಚಯಿಸುವ ಸಾಫ್ಟ್‌ವೇರ್.

ಬೆರಳಚ್ಚು ಯಂತ್ರಗಳ ಸಾಫ್ಟ್‌ವೇರ್ ಸಲೀಸಾಗಿ ಸಿಗುವುದು ವಿಂಡೋಸ್‌ಗೆ, ಆಂಡ್ರಾಯ್ಡ್‌ಗೆ. ಡಿಜಿಟಲ್ ಸಹಿಯ ಟೋಕನ್‌ಗೆ ಲಿನಕ್ಸ್ ಡ್ರೈವರ್ ಸಿಕ್ಕರೂ ಅದು ಸಾಮಾನ್ಯವಾಗಿ ಇಂಟೆಲ್ ಮಾದರಿಯ ಯಂತ್ರಕ್ಕೆ ಮಾಡಿದ್ದು. ರಿಸ್ಕ್-ಫೈವ್ ಮೇಲೆ ಓಡುವುದಿಲ್ಲ. ಸೇಡಂನ ತೊಗರಿ ಅಡತ್ ಅಂಗಡಿಯಲ್ಲಿ, ಶಹಾಬಾದ್‌ನ ಕಲ್ಲು ಪಾಲಿಶ್ ಘಟಕದಲ್ಲಿ ಲೆಕ್ಕ ಇಡುವುದು ಟ್ಯಾಲಿಯಲ್ಲಿ. ಅದೂ ವಿಂಡೋಸ್‌ನದೇ.

ನುಡಿಯ ಕಥೆ ಸ್ವಲ್ಪ ಬೇರೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ಬಹಳ ಹಿಂದೆಯೇ ಇದೆ, ಟೈಪ್ ಮಾಡಲು ತೊಂದರೆ ಇಲ್ಲ. ತೊಂದರೆ ಹಳೆಯ ಕಡತಗಳದ್ದು. ಯೂನಿಕೋಡ್‌ಗೆ ಮುಂಚಿನ ವಿಧಾನದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಪಂಚಾಯ್ತಿ ನಡಾವಳಿಗಳನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಡತ ತೆರೆದ ಕೂಡಲೇ ಅದನ್ನು ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ಕಿಯೋದಲ್ಲೇ ಇದ್ದರೆ ಶಾಲೆಯ ಮೇಷ್ಟ್ರು, ಪಂಚಾಯ್ತಿಯ ಆಪರೇಟರ್ ಇಬ್ಬರೂ ಅದನ್ನು ಮುಟ್ಟುತ್ತಾರೆ. ಅದನ್ನು ಬರೆಯಲು ಹೊಸ ಸಂಶೋಧನೆಯೇನೂ ಬೇಡ.

ಧೂಳು, ಸೆಕೆಯನ್ನೂ ಮರೆಯುವ ಹಾಗಿಲ್ಲ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ವಾಡಿ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆ, ಶಹಾಬಾದ್‌ನಲ್ಲಿ ಕಲ್ಲುಗಣಿ. ಫ್ಯಾನ್ ಇರುವ ಕಂಪ್ಯೂಟರ್ ಬಿಚ್ಚಿದರೆ ಒಳಗೆ ಬಿಳಿ ಪುಡಿ. ಫ್ಯಾನ್ ಇಲ್ಲದೆ, ಪೂರ್ತಿ ಮುಚ್ಚಿದ, ಬಿಸಿ ತಡೆಯುವ ಡಬ್ಬಿ ಬೇಕು. ಬೆಂಗಳೂರಿನ ಎಸಿ ಹಾಲ್‌ನಲ್ಲಿ ಪರೀಕ್ಷೆ ಮಾಡಿದರೆ ಇದು ಗೊತ್ತಾಗುವುದಿಲ್ಲ.

ಹಿಂದೆಯೂ ಡಬ್ಬಿಗಳು ಬಂದಿದ್ದವು

ಕಡಿಮೆ ಬೆಲೆಯ ಕಂಪ್ಯೂಟರ್ ಕನಸು ನಮಗೆ ಹೊಸದಲ್ಲ. ಇದೇ ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ಯೋಚನೆ ಸಿಂಪ್ಯೂಟರ್. ಐಐಎಸ್ಸಿ ಪ್ರಾಧ್ಯಾಪಕರು ಮತ್ತು ಎಂಜಿನಿಯರುಗಳು ಸೇರಿ ಮಾಡಿದ, ಲಿನಕ್ಸ್ ಮೇಲೆ ಓಡುವ ಅಂಗೈ ಯಂತ್ರ. ಜಗತ್ತೇ ಹೊಗಳಿತು, ಆದರೆ ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಕೇರಳ 2019ರಲ್ಲಿ ಸರ್ಕಾರದ ಪಾಲಿನೊಂದಿಗೆ ಕೊಕೊನಿಕ್ಸ್ ಲ್ಯಾಪ್‌ಟಾಪ್ ತಂದಿತು. 2021ರಲ್ಲಿ ಮಕ್ಕಳಿಗೆ ಕೊಟ್ಟ ಯಂತ್ರಗಳು ಕೆಟ್ಟವೆಂದು ದೂರುಗಳು ಬಂದವು.

ಅದೇ ಕೇರಳದಲ್ಲಿ ಗೆದ್ದದ್ದು ಇನ್ನೊಂದಿದೆ. 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ (ಈಗ 'ಕೈಟ್') ಶಾಲೆಗಳನ್ನು ನಿಧಾನವಾಗಿ ಲಿನಕ್ಸ್‌ಗೆ ತಂದಿತು. ಅಲ್ಲಿ ದೊಡ್ಡ ಶ್ರಮ ಹೋದದ್ದು ಶಿಕ್ಷಕರ ತರಬೇತಿಗೆ ಮತ್ತು ಮಲಯಾಳಂ ಸಾಫ್ಟ್‌ವೇರ್‌ಗೆ. ಕೆಟ್ಟರೆ ಕೇಳಲು ಪ್ರತಿ ಜಿಲ್ಲೆಯಲ್ಲೂ ಜನರಿದ್ದರು. ಯಂತ್ರ ಯಾವ ಕಂಪನಿಯದ್ದಾದರೂ ಅದು ನಡೆಯಿತು.

ನಮ್ಮಲ್ಲಿ ಅಂಥದ್ದು ಆಗಬೇಕಾದರೆ ರಿಪೇರಿ ಇಲ್ಲೇ ಆಗಬೇಕು. ಚಿಂಚೋಳಿಯಲ್ಲಿ ಕೆಟ್ಟ ಯಂತ್ರವನ್ನು ಸುಮಾರು 600 ಕಿ.ಮೀ. ದೂರದ ಬೆಂಗಳೂರಿಗೆ ಕಳಿಸುವುದಾದರೆ ಯಾರೂ ಕೊಳ್ಳುವುದಿಲ್ಲ. ಐಟಿಐ, ಡಿಪ್ಲೊಮಾ ಮುಗಿಸಿ ಹೈದರಾಬಾದ್, ಪುಣೆ ರೈಲು ಹತ್ತುವ ಹುಡುಗರಲ್ಲಿ ತಾಲ್ಲೂಕಿಗೆ ಇಬ್ಬರಿಗೆ ಬೋರ್ಡ್ ಬದಲಿಸುವುದು, ಸಾಫ್ಟ್‌ವೇರ್ ಹಾಕುವುದು ಕಲಿಸಿದರೆ ಸಾಕು. ಕಂಪ್ಯೂಟರ್ ತರಬೇತಿಯಲ್ಲಿ ಕಿಯೋನಿಕ್ಸ್‌ಗೆ ದಶಕಗಳ ಅನುಭವವಿದೆ. ಹಣದ ಮಾತಿಗೆ ಬಂದರೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ರಾಜ್ಯ ಬಜೆಟ್ 2025-26ರಲ್ಲಿ ಹೇಳಿದ ಮೊತ್ತ 5,000 ಕೋಟಿ ರೂಪಾಯಿ. ಐದು ಊರಿನಲ್ಲಿ ಐದು ಶಾಲೆ, ಐದು ಆನ್‌ಲೈನ್ ಸೆಂಟರ್, ಒಂದು ಬೇಸಿಗೆ, ಒಂದು ಮಳೆಗಾಲ. ಇಷ್ಟು ಪರೀಕ್ಷೆ ಮಾಡಿ, ಏನು ಕೆಟ್ಟಿತು, ಏನು ಓಡಿತು ಎಂದು ಜನರ ಮುಂದಿಟ್ಟು, ಆಮೇಲೆ ಮುಂದಿನ ಮಾಡೆಲ್ ಮಾಡಲಿ. ಚಿತ್ತಾಪುರದಿಂದಲೇ ಶುರು ಮಾಡಿದರೆ ಸಚಿವರಿಗೂ ದೂರವಾಗುವುದಿಲ್ಲ.

ಈಗ ವಾಡಿಯವರಿಗೆ ನನ್ನ ಉತ್ತರ. ಅಣ್ಣಾ, ಅಂಗಡಿಗೆ ಈಗಲೇ ಕಿಯೋ ಬೇಡ. ಬೆರಳಚ್ಚು, ಡಿಜಿಟಲ್ ಸಹಿ, ನಿಮ್ಮ ಪ್ರಿಂಟರ್, ಈ ಮೂರೂ ಅದರ ಮೇಲೆ ಓಡಿದ್ದನ್ನು ನಿಮ್ಮ ಕಣ್ಣಿಂದ ನೋಡೋತನಕ ದುಡ್ಡು ಬಿಚ್ಚಬೇಡಿ. ಮನೆಯಲ್ಲಿ ಹತ್ತನೇ ಕ್ಲಾಸಿನ ಮಗಳಿದ್ದಾಳೆ ಅಂದಿರಿ. ಅವಳಿಗಾದರೆ ಯೋಚಿಸಬಹುದು. ಆದರೆ ಕೊಳ್ಳುವ ಮೊದಲು ಅವಳನ್ನೇ ಕರೆದೊಯ್ದು ಬುದ್ಧ್ ಮುಂದೆ ಕೂಡಿಸಿ, ಅವಳ ಮಾತಿನಲ್ಲೇ ಒಂದು ಲೆಕ್ಕ ಕೇಳಲಿ. ಉತ್ತರ ಅವಳಿಗೆ ತಿಳಿದರೆ ತಗೊಳ್ಳಿ. ತಿಳಿಯದಿದ್ದರೆ, ಮುಂದಿನ ಮಾಡೆಲ್ ಬರೋತನಕ ತಡೀರಿ.