ಮಾರುತ್ ವಿಮಾನದ ಸೊಂಟ

ಶಿರೂರಿನಿಂದ ಶಾಲಾ ಪ್ರವಾಸಕ್ಕೆ ಬೆಂಗಳೂರಿಗೆ ಹೋಗುವ ಮಕ್ಕಳು ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಚೂಪು ಮೂತಿಯ ಒಂದು ಯುದ್ಧವಿಮಾನವನ್ನು ನೋಡಬಹುದು. ಅದೇ ಎಚ್.ಎಫ್.-24 ಮಾರುತ್, ಭಾರತದಲ್ಲೇ ವಿನ್ಯಾಸಗೊಂಡ ಮೊದಲ ಜೆಟ್ ಯುದ್ಧವಿಮಾನ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡ ಇದನ್ನು 1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲ ಬಾರಿಗೆ ಹಾರಿಸಿದರು. ಅದಕ್ಕೂ ಮೊದಲು, 1959ರಲ್ಲಿ, ಅದೇ ಆಕಾರದ, ಅಷ್ಟೇ ದೊಡ್ಡ ಮರದ ಗ್ಲೈಡರೊಂದನ್ನು ಕಟ್ಟಿ, ಡಕೋಟಾ ವಿಮಾನಕ್ಕೆ ಬಿಗಿದು ಮೇಲಕ್ಕೆ ಎಳೆಸಿ, ಎಂಜಿನ್ ಇಲ್ಲದೆಯೇ ಹಾರಿಸಿ ನೋಡಿದ್ದರು. ಪರೀಕ್ಷೆ ಹತ್ತಿರ ಬಂದಾಗ ಇದೇನು ಮಕ್ಕಳಾಟ ಎಂದು ಮಗನ ಕೈಯಿಂದ ಉಪ್ಪುಕಾಗದ ಕಿತ್ತುಕೊಳ್ಳುವ ತಂದೆ ಇದನ್ನು ತಿಳಿದಿದ್ದರೆ ಒಳ್ಳೆಯದು.

ಮಾರುತ್‌ನ ಉದ್ದ 15.87 ಮೀಟರ್, ರೆಕ್ಕೆಗಳ ಹರವು 9 ಮೀಟರ್. 72ರಲ್ಲಿ ಒಂದು ಪಾಲಿನ ಮಾದರಿ ಮಾಡಿದರೆ ಉದ್ದ 22 ಸೆಂಟಿಮೀಟರ್, ಹರವು ಹನ್ನೆರಡೂವರೆ. ಮೆದುಮರದ ತುಂಡೊಂದು ಸಾಕು. ಅದರ 30 ಮಿಲಿಮೀಟರ್ ಫಿರಂಗಿಯ ಬಾಯಿ ಮಾದರಿಯಲ್ಲಿ 0.4 ಮಿಲಿಮೀಟರ್, ಅಂದರೆ ಸೂಜಿಮೊನೆಯ ಚುಚ್ಚು. ಹುಡುಗರು ಎಡವುವುದು ಇಲ್ಲೇ. ತಗಡುಗಳ ಸಂದು ತೋರಿಸಲು ಬ್ಲೇಡಿನಿಂದ ಅರ್ಧ ಮಿಲಿಮೀಟರ್ ಗೀರು ಹಾಕುತ್ತಾರೆ. ಅದನ್ನು 72ರಿಂದ ಗುಣಿಸಿ ನೋಡಿ: 36 ಮಿಲಿಮೀಟರ್! ಎರಡು ಬೆರಳು ತೂರುವಷ್ಟು ಬಿರುಕಿರುವ ವಿಮಾನವನ್ನು ಯಾರು ಹತ್ತುತ್ತಾರೆ? ಚೂಪು ಪೆನ್ಸಿಲಿನ ತೆಳುಗೆರೆಯೇ ಹೆಚ್ಚು ನಿಜ.

ಅದಕ್ಕಿಂತ ದೊಡ್ಡ ತಪ್ಪು ಸೊಂಟವನ್ನು ಮರೆಯುವುದು. ರೆಕ್ಕೆ ಸೇರುವ ಜಾಗದಲ್ಲಿ ಮಾರುತ್‌ನ ಒಡಲು ಕಿರಿದಾಗಿದೆ. ಅದು ಅಂದಕ್ಕಲ್ಲ. ಶಬ್ದವೇಗದ ಹತ್ತಿರ ಗಾಳಿಯ ತಡೆ ಒಮ್ಮೆಗೇ ಏರುತ್ತದೆ. ಒಡಲು, ರೆಕ್ಕೆ ಸೇರಿದ ಒಟ್ಟು ಅಡ್ಡಕೊಯ್ತದ ವಿಸ್ತೀರ್ಣ ಮೂತಿಯಿಂದ ಬಾಲದವರೆಗೆ ಮೆಲ್ಲಗೆ ಹೆಚ್ಚಿ ಮೆಲ್ಲಗೆ ಇಳಿದರೆ ಆ ತಡೆ ಕಡಿಮೆ. ರೆಕ್ಕೆ ಕೂಡಿಸಿದ್ದನ್ನು ಒಡಲು ಕಳೆಯಬೇಕು. ದೋಣಿ ಕಟ್ಟುವವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಬ್ದದ ಎರಡು ಪಟ್ಟು ವೇಗಕ್ಕೆಂದು ಇಂಥ ಆಕಾರ ಕೊಟ್ಟರು. ಆದರೆ ತಕ್ಕ ಎಂಜಿನ್ ಸಿಗಲಿಲ್ಲ. ಎರಡು ಆರ್ಫಿಯಸ್ ಎಂಜಿನ್‌ಗಳ ಬಲ ಆ ವೇಗಕ್ಕೆ ಸಾಲದಾಯಿತು. ಆದರೂ 147 ವಿಮಾನಗಳು ತಯಾರಾದವು, 1971ರ ಯುದ್ಧದಲ್ಲಿ ಹೋರಾಡಿದವು.

ಸೊಂಟ ಸರಿಯಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಮಾದರಿಗೆ ಎರಡು ಕೈ ವಾರ್ನಿಷ್ ಬಳಿದು ಒಣಗಿಸಿ, ಮೂತಿಯಿಂದ ಎರಡೆರಡು ಸೆಂಟಿಮೀಟರಿಗೆ ಗುರುತು ಹಾಕಿ. ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಆಳವಾದ ಪಾತ್ರೆಯಲ್ಲಿ ನೀರಿಡಿ. ಮಾದರಿಯ ಬಾಲ ಹಿಡಿದು, ಮೂತಿ ಕೆಳಗಾಗಿ, ಪಾತ್ರೆಗೆ ತಾಗದಂತೆ ಒಂದೊಂದೇ ಗುರುತಿನವರೆಗೆ ಮುಳುಗಿಸಿ. ಪ್ರತಿ ಹಂತದಲ್ಲಿ ಎಷ್ಟು ಗ್ರಾಂ ಏರುತ್ತದೋ ಅಷ್ಟು ಘನ ಸೆಂಟಿಮೀಟರ್ ನೀರು ಸರಿದಿದೆ ಎಂದರ್ಥ; ಆರ್ಕಿಮಿಡೀಸನ ಲೆಕ್ಕವೇ ಇದು. ಆ ಏರಿಕೆಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ರೆಕ್ಕೆಯ ಜಾಗದಲ್ಲಿ ಗೂನು ಎದ್ದರೆ, ಉಪ್ಪುಕಾಗದವನ್ನು ಮತ್ತೆ ಕೈಗೆತ್ತಿಕೊಳ್ಳಿ.