ಮಿಡಿ ಕಡತಗಳಲ್ಲಿ ಕಾಲಶುದ್ಧಿ

ಒಂದೇ ಕೃತಿಯನ್ನು ನುಡಿಸುತ್ತಿರುವ ನಾಲ್ಕು ವಾದ್ಯಗಳಲ್ಲಿ ಒಂದು ಹಿಂದೆ ಬಿದ್ದರೆ, ಸಂಗೀತದ ಗಂಧವಿಲ್ಲದವನಿಗೂ ಅದು ಕೂಡಲೆ ತಿಳಿದುಹೋಗುವುದು. ವಾದ್ಯಗೋಷ್ಠಿಯಲ್ಲಿ ಹೀಗಾದಾಗ ಕಲಾವಿದರು ಪರಸ್ಪರ ಮುಖ ನೋಡಿಕೊಂಡು ಒಂದೆರಡು ಆವರ್ತಗಳೊಳಗೆ ಸರಿಪಡಿಸಿಕೊಳ್ಳುವರು. ಗಣಕಯಂತ್ರದ ಕಡತದಲ್ಲಿ ಬರೆದಿಟ್ಟ ಸಂಗೀತಕ್ಕೆ ಆ ಸೌಲಭ್ಯವಿಲ್ಲ. ಅಲ್ಲಿ ತಪ್ಪು ಒಮ್ಮೆ ಹೊಕ್ಕರೆ ಕೊನೆಯವರೆಗೂ ಉಳಿಯುವುದು; ಎಷ್ಟೋ ವೇಳೆ ಮುಂದುಮುಂದಕ್ಕೆ ಬೆಳೆಯುತ್ತಲೂ ಹೋಗುವುದು. ಅದನ್ನು ತಿದ್ದಲೇಬೇಕು, ನಿಜ. ಆದರೆ ಇಂದು ತಿದ್ದುವ ಸುಲಭೋಪಾಯವೇ ಮೂಲದ ತಪ್ಪಿಗಿಂತ ಹೆಚ್ಚು ಹಾನಿಕರವಾಗಿದೆಯೆಂಬುದು ನಮ್ಮ ಅಭಿಪ್ರಾಯ.

ಮಿಡಿ ಎಂಬ ಮಾತು ಕನ್ನಡಿಗರಿಗೆ ಮಾವಿನ ಕಾಯನ್ನೋ ವೀಣೆಯ ತಂತಿಯನ್ನೋ ನೆನಪಿಗೆ ತರಬಹುದು. ಇಲ್ಲಿ ಅದು ‘ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್’ ಎಂಬ ದೀರ್ಘನಾಮದ ಸಂಕ್ಷೇಪ. ಬೇರೆಬೇರೆ ಕಾರ್ಖಾನೆಗಳ ವಿದ್ಯುನ್ಮಾನ ವಾದ್ಯಗಳು ಒಂದರೊಡನೊಂದು ವ್ಯವಹರಿಸುವಂತಾಗಲೆಂದು ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮೊದಲಾದವರು ರೂಪಿಸಿದ ಈ ಸಂಕೇತಪದ್ಧತಿ 1983ರಲ್ಲಿ ಬಳಕೆಗೆ ಬಂದಿತು. ಅದನ್ನು ಕಡತದಲ್ಲಿ ಶೇಖರಿಸಿಡುವ ಸರ್ವಸಮ್ಮತ ಕ್ರಮ 1988ರಲ್ಲಿ ಸಿದ್ಧವಾಯಿತು. ಮಿಡಿ ಕಡತದಲ್ಲಿ ನಾದವಿಲ್ಲವೆಂಬುದನ್ನು ವಾಚಕರು ಮೊದಲು ಗಮನಿಸಬೇಕು. ಯಾವ ಸ್ವರ, ಎಷ್ಟು ರಭಸ, ಯಾವಾಗ ಆರಂಭ, ಯಾವಾಗ ಅಂತ್ಯ ಎಂಬ ಸೂಚನೆಗಳು ಮಾತ್ರ ಅದರಲ್ಲಿ ಇರುವುವು. ಆದುದರಿಂದ ಅದು ಧ್ವನಿಮುದ್ರಿಕೆಗಿಂತ ಸ್ವರಲಿಪಿಗೆ ಹತ್ತಿರದ್ದು. ಒಂದೊಂದು ವಾದ್ಯದ ಸೂಚನೆಗಳನ್ನು ಒಂದೊಂದು ಟ್ರ್ಯಾಕಿನಲ್ಲಿ ಪ್ರತ್ಯೇಕವಾಗಿ ಬರೆಯುವುದು ವಾಡಿಕೆ.

ಇಂತಹ ಟ್ರ್ಯಾಕಿನಲ್ಲಿ ಕಾಲವನ್ನು ಬರೆಯುವ ರೀತಿ ಸ್ವಾರಸ್ಯವಾಗಿದೆ. ಪ್ರತಿಯೊಂದು ಸೂಚನೆಯ ಮುಂದೆಯೂ, ಹಿಂದಿನ ಸೂಚನೆಯಾದ ಮೇಲೆ ಎಷ್ಟು ‘ಟಿಕ್’ಗಳು ಕಳೆದುವೆಂಬ ಸಂಖ್ಯೆ ಇರುವುದು. ಟಿಕ್ ಎಂಬುದು ಸಾಮಾನ್ಯವಾಗಿ ಸೆಕೆಂಡಿನ ಭಾಗವಲ್ಲ, ಪಾಶ್ಚಾತ್ಯರು ಕ್ವಾರ್ಟರ್ ನೋಟ್ ಎನ್ನುವ ಅವಧಿಯ ಭಾಗ. ಆ ಅವಧಿಯನ್ನು ನಾವು ನಮ್ಮ ಸಂಗೀತದ ಒಂದು ಅಕ್ಷರಕಾಲವೆಂದು ಇಟ್ಟುಕೊಳ್ಳೋಣ. ಒಂದು ಅಕ್ಷರಕ್ಕೆ 96 ಟಿಕ್ಕುಗಳೋ 480 ಟಿಕ್ಕುಗಳೋ ಎಂಬುದನ್ನು ಕಡತದ ಶಿರೋಭಾಗದಲ್ಲಿ ಒಮ್ಮೆ ಹೇಳಿಬಿಡಲಾಗುವುದು. ಇನ್ನು ಆ ಅಕ್ಷರ ನಿಜವಾಗಿ ಎಷ್ಟು ಹೊತ್ತಿನದು? ಅದನ್ನು ಕಾಲಪ್ರಮಾಣದ ಸೂಚನೆಯೊಂದು ಮೈಕ್ರೊಸೆಕೆಂಡುಗಳಲ್ಲಿ ತಿಳಿಸುವುದು. ಅಂತಹ ಸೂಚನೆ ಇಲ್ಲದಿದ್ದಲ್ಲಿ 5,00,000 ಮೈಕ್ರೊಸೆಕೆಂಡು, ಅಂದರೆ ಅರ್ಧ ಸೆಕೆಂಡು, ಎಂದು ಭಾವಿಸಬೇಕೆಂಬುದು ನಿಯಮ. ಈ ಸೂಚನೆಯನ್ನು ಅಕ್ಷರದಿಂದ ಅಕ್ಷರಕ್ಕೆ ಬದಲಾಯಿಸುವ ಸ್ವಾತಂತ್ರ್ಯವೂ ಉಂಟು. ತಾಳವೊಂದು ಕಡೆ, ಕಾಲಪ್ರಮಾಣವೊಂದು ಕಡೆ. ಎರಡನ್ನೂ ಬೇರೆ ಮಾಡಿಟ್ಟಿರುವುದೇ ಈ ಪದ್ಧತಿಯ ಜಾಣತನ.

ಟ್ರ್ಯಾಕುಗಳು ಕೂಡಿಬಾರದಿದ್ದಾಗ ಮೊದಲು ಮಾಡಬೇಕಾದುದು ರೋಗದ ನಿರ್ಣಯ. ಕೃತಿಯ ಆರಂಭ, ಮಧ್ಯ, ಅಂತ್ಯ ಈ ಮೂರೆಡೆ ವ್ಯತ್ಯಾಸವನ್ನು ಅಳೆದರೆ ಬಹುಮಟ್ಟಿಗೆ ಸಾಕು. ಮೂರೆಡೆಯೂ ಅಂತರ ಒಂದೇ ಆಗಿದ್ದರೆ ಟ್ರ್ಯಾಕನ್ನು ಇಡಿಯಾಗಿ ಅಷ್ಟು ಹಿಂದಕ್ಕೋ ಮುಂದಕ್ಕೋ ಸರಿಸಿದರಾಯಿತು. ಅಂತರ ಒಂದೇ ಪ್ರಮಾಣದಲ್ಲಿ ಬೆಳೆಯುತ್ತಿದ್ದರೆ ಅಳತೆಗೋಲು ಬೇರೆಯಾಗಿದೆಯೆಂದು ತಿಳಿಯಬೇಕು. 480ರ ಲೆಕ್ಕದಲ್ಲಿ ಬರೆದ ಟ್ರ್ಯಾಕನ್ನು 96ರ ಕಡತಕ್ಕೆ ಹಾಗೆಯೇ ತಂದಿಟ್ಟರೆ ಪ್ರತಿಯೊಂದು ಅಕ್ಷರವೂ ಐದರಷ್ಟು ಉದ್ದವಾಗುವುದಷ್ಟೆ. ಸಂಖ್ಯೆಗಳನ್ನು ಐದರಿಂದ ಭಾಗಿಸಬೇಕು. ಹಲವು ಟ್ರ್ಯಾಕುಗಳ ಕಡತದಲ್ಲಿ ಕಾಲಪ್ರಮಾಣದ ಸೂಚನೆಗಳೆಲ್ಲ ಮೊದಲನೆಯ ಟ್ರ್ಯಾಕಿನಲ್ಲಿಯೇ ಇರತಕ್ಕದ್ದು. ಎರಡು ಕಡತಗಳನ್ನು ಒಂದುಗೂಡಿಸುವಾಗ ಎರಡನೆಯದರ ಸೂಚನೆಗಳು ಕಳೆದುಹೋಗುವುದು ಅಪರೂಪವಲ್ಲ.

ಅಂತರ ಒಮ್ಮೆ ಹೆಚ್ಚಿ ಒಮ್ಮೆ ತಗ್ಗುತ್ತಿದ್ದರೋ? ಆಗ ಅಲ್ಲಿ ಮನುಷ್ಯನ ಕೈ ಇದೆಯೆಂದರ್ಥ. ವಾದಕನು ಮೆಟ್ರೊನೋಮಿನ ಹಂಗಿಲ್ಲದೆ ಮನಸಾರೆ ನುಡಿಸಿದ್ದಾನೆ. ಯಂತ್ರವು ಅರ್ಧ ಸೆಕೆಂಡಿನ ತನ್ನ ಅಕ್ಷರವನ್ನು ಎಣಿಸುತ್ತ ಅದನ್ನು ಬರೆದುಕೊಂಡಿದೆ. ಈ ಸಂದರ್ಭದಲ್ಲಿಯೇ ‘ಕ್ವಾಂಟೈಸ್’ ಎಂಬ ಗುಂಡಿಯನ್ನು ಒತ್ತುವ ಆಸೆ ಹುಟ್ಟುವುದು. ಅದು ಪ್ರತಿಯೊಂದು ಸ್ವರವನ್ನೂ ಎಳೆದುತಂದು ಸಮಾಂತರದ ಗೆರೆಗಳ ಪೈಕಿ ಹತ್ತಿರದ್ದರ ಮೇಲೆ ಕೂರಿಸಿಬಿಡುವುದು.

ಇದರ ಫಲವನ್ನು ಒಂದು ಲೆಕ್ಕದಿಂದ ನೋಡಬಹುದು. ವಾದಕನ ಐದು ಪೆಟ್ಟುಗಳು 0, 0.62, 1.26, 1.88, 2.54 ಸೆಕೆಂಡುಗಳಲ್ಲಿ ಬಿದ್ದಿವೆಯೆನ್ನೋಣ. ನಡುವಣ ಅಂತರಗಳು 0.62, 0.64, 0.62, 0.66, ಕೇಳುವ ಕಿವಿಗೆ ಇದು ಜೀವಂತವಾದ, ಆದರೆ ನೆಟ್ಟಗಿನ ನಡೆ. ಯಂತ್ರದ ಅರ್ಧ ಅಕ್ಷರಕ್ಕೊಂದರಂತೆ, ಅಂದರೆ 0.25 ಸೆಕೆಂಡಿಗೊಂದರಂತೆ, ಗೆರೆಗಳಿದ್ದರೆ ಈ ಪೆಟ್ಟುಗಳು ಕ್ರಮವಾಗಿ 0, 0.50, 1.25, 2.00, 2.50ಕ್ಕೆ ಸರಿಯುವುವು. ಈಗ ಅಂತರಗಳು 0.50, 0.75, 0.75, 0.50! ಸುಸೂತ್ರವಾಗಿ ನಡೆಯುತ್ತಿದ್ದವನನ್ನು ಕುಂಟನನ್ನಾಗಿ ಮಾಡಿದ್ದೇವೆ. ಇಷ್ಟಾದ ಮೇಲೆ ಕಡತವನ್ನು ಉಳಿಸಿ ಮೂಲವನ್ನು ಅಳಿಸಿದೆವೆಂದರೆ, 0.62 ಎಂಬ ಸಂಖ್ಯೆಯನ್ನು ಯಾವ ಗಣಿತವೂ ಮರಳಿ ತಂದುಕೊಡಲಾರದು. ವೃದ್ಧ ವಿದ್ವಾಂಸರೊಬ್ಬರು ನುಡಿಸಿದ ಕೃತಿಗೆ ಅದೊಂದೇ ದಾಖಲೆಯಾಗಿದ್ದಲ್ಲಿ ನಷ್ಟ ಎಷ್ಟೆಂಬುದನ್ನು ವಿದ್ಯಾರ್ಥಿಗಳೇ ಊಹಿಸಲಿ.

ಸರಿಯಾದ ಮಾರ್ಗ ಇದಕ್ಕೆ ವಿಲೋಮವಾದುದು. ಸ್ವರಗಳನ್ನು ಕದಲಿಸದೆ ಗೆರೆಗಳನ್ನೇ ವಾದಕನ ಪೆಟ್ಟುಗಳ ಬಳಿಗೆ ಒಯ್ಯಬೇಕು. ಮೊದಲನೆಯ ಅಕ್ಷರಕ್ಕೆ 6,20,000 ಮೈಕ್ರೊಸೆಕೆಂಡು, ಎರಡನೆಯದಕ್ಕೆ 6,40,000, ಹೀಗೆ ಒಂದೊಂದಕ್ಕೂ ಕಾಲಪ್ರಮಾಣವನ್ನು ಬರೆದು, ಪ್ರತಿ ಅಕ್ಷರದೊಳಗೂ 480 ಟಿಕ್ಕುಗಳನ್ನು ಹಂಚಬೇಕು. 0.92 ಸೆಕೆಂಡಿನಲ್ಲಿ ಬಿದ್ದ ಸ್ವರ ಎರಡನೆಯ ಅಕ್ಷರದ ಆರಂಭದಿಂದ 0.30 ಸೆಕೆಂಡು ದೂರದಲ್ಲಿದೆ. ಅದು ಆ ಅಕ್ಷರದ 225ನೆಯ ಟಿಕ್ಕಿಗೆ ಬರುವುದು. ಸರಿಯಾದ ಅರ್ಧ 240. ಅಂದಮೇಲೆ ಸ್ವರವು 15 ಟಿಕ್ಕುಗಳಷ್ಟು, ಎಂದರೆ 20 ಮಿಲಿಸೆಕೆಂಡು, ಮುಂಚಿತವಾಗಿ ಬಂದಿದೆ. ಆ ಮುಂಚಿತವು ವಾದಕನ ಸ್ವಭಾವವೋ ಬೆರಳಿನ ಎಡವಟ್ಟೋ ಎಂದು ಈಗ ನಿಧಾನವಾಗಿ ವಿಚಾರಿಸಬಹುದು. ಉಳಿದ ಟ್ರ್ಯಾಕುಗಳು ಈ ಹೊಸ ಕಾಲಪ್ರಮಾಣವನ್ನೇ ಅನುಸರಿಸಿ ಅವನ ಜೊತೆಗೂಡುವುವು. ಪಕ್ಕವಾದ್ಯಗಳು ಪ್ರಧಾನ ಕಲಾವಿದನನ್ನು ಅನುಸರಿಸುವುದು ನಮ್ಮ ಕಚೇರಿಗಳ ಸಂಪ್ರದಾಯವೂ ಹೌದಲ್ಲವೆ? ಈ ಕೆಲಸಕ್ಕೆ ಗುಂಡಿಯೊತ್ತುವುದಕ್ಕಿಂತ ಹೆಚ್ಚು ಶ್ರಮ ಬೇಕು. ಇಡೀ ಕೃತಿಯುದ್ದಕ್ಕೂ ಕುಳಿತು ತಾಳ ಹಾಕಬೇಕು. ಕವಾಯತಿನ ಸಂಗೀತಕ್ಕೋ ಮುದ್ರಿಸಬೇಕಾದ ಸ್ವರಲಿಪಿಗೋ ಕ್ವಾಂಟೈಸ್ ಉಪಯುಕ್ತವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆಗಲೂ ಅದನ್ನು ಪ್ರತಿಯ ಮೇಲೆ ಪ್ರಯೋಗಿಸಬೇಕೇ ಹೊರತು ಮೂಲದ ಮೇಲಲ್ಲ.

ಇನ್ನೊಂದು ದೋಷವನ್ನು ಕರ್ನಾಟಕ ಸಂಗೀತದ ಅಭ್ಯಾಸಿಗಳು ವಿಶೇಷವಾಗಿ ಗಮನಿಸಬೇಕು. 480 ಎಂಬ ಸಂಖ್ಯೆ 3, 4, 5ರಿಂದ ನಿಶ್ಶೇಷವಾಗಿ ಭಾಗವಾಗುವುದು, 7ರಿಂದ ಆಗುವುದಿಲ್ಲ. ಮಿಶ್ರ ನಡೆಯಲ್ಲಿ ಒಂದು ಅಕ್ಷರಕ್ಕೆ ಏಳು ಸ್ವರಗಳಾದರೆ ಒಂದೊಂದರ ಪಾಲು 68.57 ಟಿಕ್. ತಂತ್ರಾಂಶವು ಪ್ರತಿ ಪಾಲನ್ನೂ ಪ್ರತ್ಯೇಕವಾಗಿ 69ಕ್ಕೆ ಏರಿಸಿದರೆ ಅಕ್ಷರವು 483 ಟಿಕ್ ಆಗುವುದು. ಮೂರೇ ಟಿಕ್ಕುಗಳ ಈ ಹೆಚ್ಚಳ ಆದಿತಾಳದ 20 ಆವರ್ತಗಳಲ್ಲಿ 480 ಆಗಿ, ಆ ಟ್ರ್ಯಾಕು ಪೂರ್ತಿ ಒಂದು ಅಕ್ಷರದಷ್ಟು ಹಿಂದೆ ಬೀಳುವುದು. 96ರ ಕಡತದಲ್ಲಿ ಖಂಡ ನಡೆಗೂ ಇದೇ ಗತಿ, 19.2ನ್ನು 19 ಮಾಡಿದರೆ 12 ಆವರ್ತಗಳಲ್ಲಿ ಒಂದಕ್ಷರ ಮುಂದೋಡುವುದು. ಪರಿಹಾರ ಸುಲಭ: ಪಾಲುಗಳನ್ನು ಬಿಡಿಬಿಡಿಯಾಗಿ ಪೂರ್ಣಾಂಕ ಮಾಡದೆ, ಕೃತಿಯ ಮೊದಲಿನಿಂದ ಎಣಿಸಿದ ಸ್ಥಾನವನ್ನು ಪೂರ್ಣಾಂಕ ಮಾಡಿ, ಆಮೇಲೆ ವ್ಯತ್ಯಾಸಗಳನ್ನು ತೆಗೆಯಬೇಕು. ಆಗ ಸ್ಥಾನಗಳು 69, 137, 206, 274, 343, 411, 480 ಎಂದಾಗುವುವು. ದೋಷವು ಎಂದಿಗೂ ಅರ್ಧ ಟಿಕ್ಕನ್ನು ಮೀರದು.

ಇದಕ್ಕಿಂತಲೂ ಮೇಲಾದುದು ಅಳತೆಗೋಲನ್ನೇ ನಮ್ಮ ಸಂಗೀತಕ್ಕೆ ಹೊಂದಿಸುವುದು. 3, 4, 5, 7, 9 ಈ ಐದು ಜಾತಿಗಳ ಲಘುತಮ ಸಾಮಾನ್ಯ ಅಪವರ್ತ್ಯ 1260. ಎರಡನೆಯ ಕಾಲವೂ ಸೇರಬೇಕಾದರೆ 2520. ಕಡತದ ಶಿರೋಭಾಗದಲ್ಲಿ ಈ ಸಂಖ್ಯೆಗೆ ಮೀಸಲಾದ ಸ್ಥಳ 32,767ರವರೆಗೆ ಹಿಡಿಸುವುದರಿಂದ ಅಡ್ಡಿಯೇನೂ ಇಲ್ಲ. ಹೀಗಿದ್ದೂ ಅನೇಕ ತಂತ್ರಾಂಶಗಳು 96, 480, 960 ಮುಂತಾದ ಕೆಲವನ್ನೇ ಆಯ್ಕೆಗೆ ಒಡ್ಡುತ್ತವೆ. ಕಾರ್ಯಕ್ರಮ ರಚನೆಯನ್ನು ಕಲಿಯುತ್ತಿರುವ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು 2520ರ ಲೆಕ್ಕದಲ್ಲಿ ಒಂದು ಮಿಡಿ ಕಡತವನ್ನು ಬರೆದು, ಮಿಶ್ರ ನಡೆಯ 20 ಆವರ್ತಗಳನ್ನು ಅದರಲ್ಲಿ ನುಡಿಸಿ ನೋಡಲಿ. ಒಂದು ಸಂಜೆಯ ಕೆಲಸವದು.